ಗೇಣುದ್ದದ ಲಾರಿ ಮತ್ತು ಮಾವನವರ ಒಂದು ‘ಛಲೋ’

ಯಾವ ಕೆಲಸವನ್ನೇ ಆಗಲಿ, ಅಳತೆ ತಪ್ಪದೆ ಮಾಡಿದರೆ ಅದು ಕೆಡುವ ಪ್ರಶ್ನೆಯೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಸರ್ವೇ ಕಚೇರಿಯಲ್ಲಿ ಮೂವತ್ತು ವರ್ಷ ನಕಾಶೆ ತೆಗೆದವನು ಇನ್ನೇನನ್ನು ನಂಬಬೇಕು? ಮೈಲುಗಟ್ಟಲೆ ಹೊಲಗಳನ್ನು ಮೊಳದುದ್ದದ ಕಾಗದದಲ್ಲಿ ಕೂರಿಸಿದ್ದೇನೆ. ಒಂದು ಬಾಂದುಗಲ್ಲೂ ಆಚೀಚೆ ಸರಿದಿಲ್ಲ. ಅಂಥವನಿಗೆ ಒಂದು ಲಾರಿಯನ್ನು ಇಪ್ಪತ್ನಾಲ್ಕು ಪಟ್ಟು ಚಿಕ್ಕದು ಮಾಡಿ ಮೇಜಿನ ಮೇಲೆ ನಿಲ್ಲಿಸುವುದು ಏನು ಮಹಾ ಕೆಲಸ!

ಲಾರಿ ಮಾದರಿಗಳನ್ನು ಮಾಡುವ ಹವ್ಯಾಸ ನನಗೆ ಅಂಟಿಕೊಂಡು ಮೂರು ವರ್ಷವಾಯಿತು. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ರಟ್ಟು, ಅಂಟು, ಬ್ಲೇಡು, ಚಿಮಟ, ಬಣ್ಣದ ಡಬ್ಬಿಗಳ ನಡುವೆ ನನ್ನ ಕಾರ್ಖಾನೆ ನಡೆದಿದೆ. ಈವರೆಗೆ ಒಂದು ನೀರಿನ ಟ್ಯಾಂಕರು, ಒಂದು ಮರಳಿನ ಲಾರಿ ಅಲ್ಲಿಂದ ಹೊರಬಂದಿವೆ. ಮನೆಗೆ ಬಂದವರು ಅವುಗಳನ್ನು ನೋಡಿ ಆಟಿಕೆ ಎನ್ನುತ್ತಾರೆ. ನಾನು ಅವರನ್ನು ಕೂರಿಸಿ, ಆಟಿಕೆಗೆ ಅಳತೆ ಇರುವುದಿಲ್ಲ, ಮಾದರಿಗೆ ಇರುತ್ತದೆ ಎಂದು ಅರ್ಧ ಗಂಟೆ ವಿವರಿಸುತ್ತೇನೆ. ಒಮ್ಮೆ ಕೇಳಿದವರು ಮತ್ತೆ ಆ ಕೋಣೆಯ ಕಡೆ ಹಾಯುವುದಿಲ್ಲ.

ಮೂರನೆಯದಾಗಿ ನಾನು ಕೈಗೆತ್ತಿಕೊಂಡದ್ದು ನಮ್ಮ ಮಾವನವರ ಲಾರಿ. ಇದರ ಹಿಂದೆ ಒಂದು ಇತಿಹಾಸವಿದೆ, ನನಗೆ ಅಷ್ಟೇನೂ ಹೆಮ್ಮೆ ತರುವಂಥದ್ದಲ್ಲ.

ಹೆಂಡತಿ ಗಿರಿಜಾಳ ತವರು ಶಿರಗುಪ್ಪಿ. ಅವಳ ತಂದೆ ಅಲ್ಲಿಂದ ಹುಬ್ಬಳ್ಳಿ ಮಾರುಕಟ್ಟೆಗೆ ತಮ್ಮ ಸ್ವಂತ ಲಾರಿಯಲ್ಲಿ ಹತ್ತಿ ಹೇರಿಕೊಂಡು ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಹಬ್ಬಕ್ಕೆ ಹೋದಾಗ, ಅಂಗಳದಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ ಮಾವನವರು ಹೊಸ ಅಳಿಯನಿಗೆ ಒಂದು ಗೌರವದ ಕೆಲಸ ಕೊಟ್ಟರು. ಹಿಂದೆ ನಿಂತು ದಾರಿ ಹೇಳಬೇಕು, ಅಷ್ಟೇ. ನಾನು ಉತ್ಸಾಹದಿಂದ ಎರಡೂ ಕೈ ಬೀಸುತ್ತ ‘ಬರ್ರಿ, ಬರ್ರಿ, ಬರ್ರಿ’ ಎಂದೆ. ಅವರು ಬಂದರು. ಬೇವಿನ ಗಿಡದವರೆಗೂ ಬಂದರು. ಲಾರಿಯ ಹಿಂದಿನ ಹಲಗೆ ಎರಡು ಹೋಳಾಯಿತು.

ಮಾವನವರು ಬೈಯಲಿಲ್ಲ. ನಮ್ಮ ಕಡೆ ಅಳಿಯನನ್ನು ಬೈಯುವಂತಿಲ್ಲ. ಬೈಯಲಾಗದ ಸಿಟ್ಟಿಗೆ ಅವರು ನನ್ನನ್ನು ಹೊಗಳುವುದನ್ನೇ ಬಿಟ್ಟರು. ಇಪ್ಪತ್ತೇಳು ವರ್ಷ ಹೋದಾಗಲೆಲ್ಲ ಕೈಕಾಲಿಗೆ ನೀರು, ತುಪ್ಪದ ಹೋಳಿಗೆ, ದಿಂಬಿಟ್ಟ ಆಸನ ಎಲ್ಲ ಸಿಕ್ಕಿತು. ‘ಛಲೋ ಮಾಡೀರಿ’ ಎಂಬ ಒಂದು ಮಾತು ಸಿಗಲಿಲ್ಲ. ಕೆಲಸ ಹೇಳಿದರೆ ತಾನೇ ಆ ಮಾತು ಬರುವುದು? ಒಂದು ಕೊಡ ಎತ್ತಿಡಿ ಎಂದೂ ಅವರು ನನಗೆ ಹೇಳಲಿಲ್ಲ. ಮನಸ್ಸು ಬಿಚ್ಚಿ ಹೇಳಬೇಕೆಂದರೆ, ನನಗೆ ಇದರಿಂದ ನೋವಾಗಿತ್ತು. ನನ್ನ ತಂದೆ ಬೇಗ ಹೋದರು. ಭೇಷ್ ಎನ್ನಬೇಕಾದ ಹಿರಿಯರು ಎಂದು ನನಗೆ ಉಳಿದಿದ್ದವರು ಇವರೊಬ್ಬರೇ.

ಲಾರಿ ಮಾರಿ ಎಷ್ಟೋ ಕಾಲವಾಗಿತ್ತು. ಎಪ್ಪತ್ತೆಂಟರ ಮಾವನವರು ಈಗಲೂ ಅದರ ಮಾತು ಬಂದರೆ ಊಟ ಬಿಟ್ಟು ಕೂರುತ್ತಾರೆ. ಈ ಸಲ ಮಹಾನವಮಿಯ ಖಂಡೆ ಪೂಜೆಗೆ, ಎಂದರೆ ಆಯುಧ ಪೂಜೆಗೆ, ಅದೇ ಲಾರಿಯನ್ನು ಅವರ ಮುಂದೆ ತಂದು ನಿಲ್ಲಿಸಿದರೆ? ನನ್ನ ‘ಛಲೋ’ ಬಡ್ಡಿ ಸಮೇತ ಬರುತ್ತದೆ ಎಂದು ಲೆಕ್ಕ ಹಾಕಿದೆ.

ಲಾರಿಯದು ಒಂದೇ ಒಂದು ಫೋಟೊ ಸಿಕ್ಕಿತು. ಗಾಡಿಯನ್ನು ಕೊಂಡವರಿಗೆ ಒಪ್ಪಿಸಿದ ದಿನದ್ದು. ಅದಕ್ಕೂ ಮೊದಲು ಮಾವನವರ ಕಣ್ಣಿನ ತೊಂದರೆಯಿಂದಾಗಿ ಎರಡು ವರ್ಷ ಅದು ಹೊಲದ ಬದಿಗೆ ನಿಂತಿತ್ತಂತೆ. ಮೈತುಂಬ ಧೂಳು, ಅಲ್ಲಲ್ಲಿ ತುಕ್ಕು, ಗಾಲಿಗೆ ಮೆತ್ತಿದ ಎರೆಮಣ್ಣು. ಇದನ್ನು ನೋಡಿ ನನ್ನೊಳಗಿನ ಕಲಾವಿದ ಕುಣಿದಾಡಿದ. ಮಾದರಿ ಮಾಡುವವರಲ್ಲಿ ದೊಡ್ಡ ವಿದ್ಯೆ ಎಂದರೆ ಇದೇ: ಹೊಸ ಗಾಡಿಯನ್ನು ಹಳೆಯದಾಗಿ ಕಾಣಿಸುವುದು. ಧೂಳಿಲ್ಲದ ಲಾರಿ ಆಟಿಕೆ, ಧೂಳಿದ್ದರೆ ಮಾದರಿ.

ಗಿರಿಜಾ ಒಮ್ಮೆ ಎಚ್ಚರಿಸಿದಳು. “ಅಪ್ಪಾರ ಗಾಡಿ ಮ್ಯಾಲ ಒಂದ ಚೂರ ಹೊಲಸ ಇರ್ತಿದ್ದಿಲ್ರಿ. ನಸುಕಿನ್ಯಾಗ ಎದ್ದು ಮೊದಲ ಗಾಡಿ ಮೈ ತೊಳೀತಿದ್ರು, ಆಮ್ಯಾಲ ತಾವು ಜಳಕ ಮಾಡ್ತಿದ್ರು” ಎಂದಳು. ಫೋಟೊ ಸುಳ್ಳು ಹೇಳುವುದಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಹೆಂಡತಿಯ ಮಾತನ್ನು ದಾಖಲೆಯ ಆಧಾರದ ಮೇಲೆ ತಳ್ಳಿಹಾಕುವ ಅವಕಾಶ ಗಂಡನಿಗೆ ಪದೇ ಪದೇ ಸಿಗುವುದಿಲ್ಲ.

ಕೆಲಸ ಶುರುವಾಯಿತು. ಲಾರಿಯ ಮೈಗೆ ರಟ್ಟು, ಗಾಲಿಗೆ ಔಷಧದ ಬಾಟಲಿಯ ಮುಚ್ಚಳ, ಅದರ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ಮುಂದಿನ ದೀಪಗಳಿಗೆ ಗಿರಿಜಾಳ ಹಳೆಯ ಕಿವಿಯೋಲೆಯ ಎರಡು ಹರಳು ಕಿತ್ತೆ. ಅವು ಹಳೆಯವಲ್ಲ, ಜೋಪಾನವಾಗಿ ಇಟ್ಟವು ಎಂದು ಅವಳ ಅಕ್ಕನ ಮೊಮ್ಮಗಳ ಹೆಸರಿಡುವ ದಿನ ತಿಳಿಯಿತು. ಡ್ರೈವರ್ ಸೀಟಿಗೆ ಒಳ್ಳೆಯ ಬಟ್ಟೆ ಬೇಕಿತ್ತು. ಕಪಾಟಿನಲ್ಲಿ ಮಡಿಸಿಟ್ಟ ಒಂದು ಕೆಂಪು ಖಣ ಸಿಕ್ಕಿತು. ಮೂಲೆಯಲ್ಲಿ ಎರಡೇ ಬೆರಳಷ್ಟು ಕತ್ತರಿಸಿದೆ. ಅದು ಅವಳಿಗೆ ತವರಿನಲ್ಲಿ ಉಡಿ ತುಂಬಿದಾಗ ಕೊಟ್ಟ ಖಣವಂತೆ.

“ನಮ್ಮವ್ವ ಉಡ್ಯಾಗ ಹಾಕಿದ ಖಣ ಡ್ರೈವರ್ ಕುಂಡಿ ಕೆಳಗ ಹಾಕೀರಲ್ರಿ” ಎಂದಳು.

ಡ್ರೈವರ್ ಅಲ್ಲಿ ಇಲ್ಲವೇ ಇಲ್ಲ, ಬರೀ ಸೀಟು ಮಾತ್ರ ಇದೆ ಎಂದು ನಾನು ತಾಂತ್ರಿಕ ಸಮಜಾಯಿಷಿ ನೀಡಿದೆ. ಆ ದಿನ ಎರಡು ಹೊತ್ತು ನನಗೆ ನಿನ್ನೆಯ ರೊಟ್ಟಿ ಬಿತ್ತು.

ಮುಂದಿನದು ಮಣ್ಣು. ಶಿರಗುಪ್ಪಿಯ ಲಾರಿಗೆ ಶಿರಗುಪ್ಪಿಯದೇ ಎರೆಮಣ್ಣು ಹತ್ತಬೇಕಲ್ಲವೇ? ಬಸ್ಸಿನಲ್ಲಿ ಹೋಗಿ, ಊರ ಹೊರಗೇ ಇಳಿದು, ಟಿಫಿನ್ ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡು, ಮಾವನ ಮನೆಗೂ ಹೋಗದೆ ಕಳ್ಳನಂತೆ ವಾಪಸು ಬಂದೆ. ನಿಜವಾದ ಮಣ್ಣಿನ ಹರಳು ಇಪ್ಪತ್ನಾಲ್ಕು ಪಟ್ಟು ಚಿಕ್ಕದಾಗಬೇಕು. ಅರೆದು, ಚಹಾ ಸೋಸುವ ಜರಡಿಯಲ್ಲಿ ಸೋಸಿದೆ. ಜರಡಿಯನ್ನು ತೊಳೆದಿಟ್ಟೆ ಎಂದೇ ನನ್ನ ನೆನಪು. ಮರುದಿನ ಪಕ್ಕದ ಮನೆಯ ನಿಂಗಮ್ಮ ಕಾಕು ನಮ್ಮಲ್ಲಿ ಚಹಾ ಕುಡಿದು, ಇಷ್ಟು ಗಟ್ಟಿ ಚಹಾ ಈಚೆಗೆ ಕುಡಿದೇ ಇಲ್ಲ, ಯಾವ ಪುಡಿ ಹಾಕಿದ್ದೀ ಎಂದು ಗಿರಿಜಾಳನ್ನು ಕೇಳಿದರು. ಗಿರಿಜಾ ಕಪ್ಪಿನ ತಳ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಉಳಿದದ್ದು ಹಿಂದಿನ ಹಲಗೆ. ಇತಿಹಾಸಪ್ರಸಿದ್ಧವಾದ ಆ ಹಲಗೆಯ ಮೇಲೆ ಎರಡು ಗಿಳಿ, ನಡುವೆ ಕಮಲ, ಕೆಳಗೆ ‘ಹಾರ್ನ್ ಮಾಡಿ’ ಎಂದು ಬರೆದಿತ್ತು. ನನಗೆ ಗಿಳಿ ಬರೆಯಲು ಬಾರದು. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಕೋಳಿಯಾಯಿತು. ಕೊನೆಗೆ ಹಳೇ ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ದಸ್ತಗೀರಸಾಬರನ್ನು ಹುಡುಕಿಕೊಂಡು ಹೋದೆ. ಎಲ್ಲರೂ ಸ್ಟಿಕರ್ ಅಂಟಿಸುವ ಈ ಕಾಲದಲ್ಲಿ ಅವರಿಗೆ ಬೈಕಿನ ನಂಬರ್ ಪ್ಲೇಟು ಬರೆಯುವುದೇ ಹೆಚ್ಚು. ಫೋಟೊ ನೋಡಿದ ಕೂಡಲೇ ಅವರ ಮುಖ ಅರಳಿತು.

“ಈ ಗಾಡಿ ನನಗ ಗೊತ್ತೈತ್ರಿ. ಬೇವಿನ ಗಿಡಕ್ಕ ಬಡದು ಹಲಗಿ ಮುರದಿತ್ತು, ಹೊಸಾದು ಬರದಾಂವ ನಾನ ನೋಡ್ರಿ. ಯಾರೋ ಹಿಂದ ನಿಂತು ಬರ್ರಿ ಬರ್ರಿ ಅಂದಿದ್ರಂತ” ಎಂದರು.

ನಾನು ಅವರ ಬಣ್ಣದ ಡಬ್ಬಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ನಾನು ಕತ್ತರಿಸಿ ತಂದಿದ್ದ ರಟ್ಟಿನ ಹಲಗೆಯನ್ನು ಅವರು ಮುಟ್ಟಲೂ ಒಪ್ಪಲಿಲ್ಲ. ಗಾಡಿ ಎಂದಮೇಲೆ ಮಳೆಗೂ ನಿಲ್ಲಬೇಕು, ನೀರಿಗೂ ನಿಲ್ಲಬೇಕು, ರಟ್ಟಿನ ಮೇಲೆ ತಾವು ಕುಂಚ ಇಡುವುದಿಲ್ಲ ಎಂದರು. ಮೇಜಿನ ಮೇಲಿನ ಲಾರಿಗೆ ಎಲ್ಲಿಯ ಮಳೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಒಂದು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಅಂಚು ಮಡಿಸಿ, ಆಯಿಲ್ ಪೇಂಟಿನಲ್ಲಿ ಮೂರು ದಿನ ಕೂತು ಬರೆದುಕೊಟ್ಟರು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಗಿಳಿಗೆ ಕಣ್ಣೂ ಇತ್ತು. ಉಳಿದ ಲಾರಿಗಾದರೂ ವಾರ್ನಿಶ್ ಹೊಡೆಯಿರಿ ಎಂದು ಬುದ್ಧಿ ಹೇಳಿದರು. ವಾರ್ನಿಶ್ ಹೊಡೆದರೆ ಮಿಂಚುತ್ತದೆ, ಧೂಳು ಸಹಜವಾಗಿ ಕಾಣುವುದಿಲ್ಲ. ಹೊಡೆಯಲಿಲ್ಲ.

ಪೂಜೆಗೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು ಎಂದು ಗಿರಿಜಾ ನೆನಪಿಸಿದಳು. ನಿಂಬೆಹಣ್ಣು ನನ್ನ ಗಾಲಿಯಷ್ಟೇ ದಪ್ಪ. ಅಳತೆ ಹಾಕಿ ನೋಡಿದರೆ, ನನ್ನ ಲಾರಿಗೆ ತಕ್ಕ ನಿಂಬೆಹಣ್ಣು ಎಂದರೆ ಒಂದು ಸಾಸಿವೆ ಕಾಳು. ನಾಲ್ಕು ಕಾಳಿಗೆ ಹಳದಿ ಬಣ್ಣ ಬಳಿದು ಕಾಗದದಲ್ಲಿ ಕಟ್ಟಿ ಕಿಸೆಯಲ್ಲಿ ಇಟ್ಟುಕೊಂಡೆ. ಸಿದ್ಧತೆ ಎಂದರೆ ಹೀಗಿರಬೇಕು.

ಮಹಾನವಮಿಯ ಬೆಳಿಗ್ಗೆ ಶಿರಗುಪ್ಪಿಗೆ ಹೊರಟೆವು. ಲಾರಿಯನ್ನು ಬಸ್ಸಿನಲ್ಲಿ, ತೊಡೆಯ ಮೇಲೆ ಕೂರಿಸಿಕೊಂಡು ಹೋದವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮಾವನವರ ಅಂಗಳದಲ್ಲಿ ಟ್ರ್ಯಾಕ್ಟರು, ಬೈಕು, ಕುಡುಗೋಲು, ಕೊಡಲಿ ಎಲ್ಲ ಆಗಲೇ ಮೈ ತೊಳೆದುಕೊಂಡು ವಿಭೂತಿಗೆ ಕಾಯುತ್ತಿದ್ದವು. ನಾನು ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು, ಮಾವನವರನ್ನು ಕರೆದು, ಮುಚ್ಚಳ ತೆಗೆದೆ.

ಮಾವನವರು ಬಾಗಿ ನೋಡಿದರು. ಒಂದು ಸುತ್ತು ಬಂದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸುತ್ತು ಬಂದರು. ನಾನು ಹೇರಿದ್ದ ಪುಟ್ಟ ಹತ್ತಿಯ ಅಂಡಿಗೆಗಳನ್ನು ನೋಡಿದರು, ಸೀಟು ನೋಡಿದರು. ‘ಛಲೋ’ ಇನ್ನೇನು ಅವರ ತುಟಿಗೆ ಬಂದಿದೆ ಎನ್ನುವಾಗ ಅವರು ಬಾನೆಟ್ಟಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದರು.

“ಅಳ್ಯಾರ, ಗಾಡಿ ತೊಳದಿಲ್ಲಲ್ರಿ” ಎಂದರು.

ನಾನು ಧೂಳಿನ ಮಹತ್ವ, ತುಕ್ಕಿನ ಸೌಂದರ್ಯ, ಹನ್ನೊಂದು ದಿನ ಮಣ್ಣು ಮೆತ್ತಿದ ನನ್ನ ಪರಿಶ್ರಮ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಆಯಿತು, ನೀವು ಒಳಗೆ ಹೋಗಿ ಫರಾಳ ಮಾಡಿ ಎಂದರು. ಅತ್ತೆಯವರೂ ಕರೆದರು. ಅಳಿಯನ ತಟ್ಟೆ ಆರಬಾರದು. ನಾನು ಹೋಗಿ ಉಪ್ಪಿಟ್ಟು ತಿಂದೆ. ಎರಡನೆಯ ಸಲವೂ ಹಾಕಿಸಿಕೊಂಡೆ. ಆ ಎರಡನೆಯ ಸಲದ ಉಪ್ಪಿಟ್ಟನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಹೊರಗೆ ಬಂದಾಗ ಮಾವನವರು ಧೋತರ ಎತ್ತಿ ಕಟ್ಟಿ, ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಕೆಟ್ಟಿನಲ್ಲಿ ಸಾಬೂನಿನ ನೊರೆ. ಕೈಯಲ್ಲಿ ತೆಂಗಿನ ನಾರು. ನೊರೆಯ ನಡುವೆ ನನ್ನ ಒಂಬತ್ತು ತಿಂಗಳ ದುಡಿಮೆ.

ಕೂಗಬೇಕೆಂದು ಬಾಯಿ ತೆರೆದೆ. ಆದರೆ ಅವರ ಮುಖ ಕಂಡಿತು. ಮೊದಲು ಗಾಲಿ, ಆಮೇಲೆ ಮಡ್‌ಗಾರ್ಡು, ಆಮೇಲೆ ಬಾಗಿಲು, ಹೀಗೆ ಕೆಳಗಿನಿಂದ ಮೇಲಕ್ಕೆ, ಮಗುವಿನ ಮೈ ತೊಳೆಯುವಷ್ಟು ಮೆತ್ತಗೆ ಉಜ್ಜುತ್ತಿದ್ದರು. ಅವರು ಅಷ್ಟು ಸುಖವಾಗಿ ಇರುವುದನ್ನು ನಾನು ಇಪ್ಪತ್ತೇಳು ವರ್ಷದಲ್ಲಿ ನೋಡಿರಲಿಲ್ಲ. “ಭಾಳ ದಿನದ ಹೊಲಸ ಐತಿ, ಲಗೂನ ಹೋಗವಲ್ದು” ಎಂದು ತಮಗೆ ತಾವೇ ಹೇಳಿಕೊಂಡರು.

ಆಮೇಲೆ ಹೊಲಸು ಹೋಯಿತು. ಅದರ ಜೊತೆ ಬಣ್ಣ ಹೋಯಿತು. ಕ್ಯಾಬಿನ್ನು ಹಾಲಿನಲ್ಲಿ ನೆನೆದ ರೊಟ್ಟಿಯಂತೆ ಅವರ ಅಂಗೈಯಲ್ಲಿ ಮಲಗಿತು. ಅಂಟು ಬಿಟ್ಟು ಬಾಡಿ ನಾಲ್ಕು ದಿಕ್ಕಿಗೆ ಬಿಚ್ಚಿಕೊಂಡಿತು. ಗಾಲಿಗಳು ಒಂದೊಂದಾಗಿ ಮೇಲೆ ತೇಲಿ ಬಂದವು. ಮಾವನವರ ಕೈ ನಿಂತಿತು.

“ಇದು ರಟ್ಟಿಂದಿತ್ತೇನ್ರಿ?” ಎಂದರು ಸಣ್ಣ ದನಿಯಲ್ಲಿ.

“ಹೌದ್ರಿ ಮಾವಾರ” ಎಂದೆ.

ಬಾಗಿಲಲ್ಲಿ ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ವಿಚಾರಿಸುವ ಧೈರ್ಯ ನನಗಿರಲಿಲ್ಲ. ಮಾವನವರು ತಪ್ಪು ಮಾಡಿದವರ ಹಾಗೆ ಬಕೆಟ್ಟಿನೊಳಗೆ ಕೈಯಾಡಿಸಿ ಸಿಕ್ಕಿದ್ದನ್ನು ಆಯತೊಡಗಿದರು. ಕೆಂಪು ಖಣದ ತುಣುಕು ಬಂತು. ಒಂದು ಹರಳು ಬಂತು. ಕೊನೆಗೆ ಹಿಂದಿನ ಹಲಗೆ ಬಂತು. ಧೋತರದ ಚುಂಗಿನಿಂದ ಅದನ್ನು ಒರೆಸಿದರು. ಒಂದು ಗೆರೆಯೂ ಅಳಿಸಿರಲಿಲ್ಲ. ಎರಡು ಗಿಳಿಗಳೂ ಈಗಷ್ಟೇ ಜಳಕ ಮಾಡಿ ಬಂದಂತೆ ಹೊಳೆಯುತ್ತಿದ್ದವು.

“ಇದು ಛಲೋ ಆಗೈತಿ ನೋಡ್ರಿ” ಎಂದರು.

ಬಂತು! ಇಪ್ಪತ್ತೇಳು ವರ್ಷ ಕಾದ ಮಾತು, ನನ್ನ ಮುಖ ನೋಡಿ ಆಡಿದ ಮಾತು. ಸುಮ್ಮನಿದ್ದಿದ್ದರೆ ಸಾಕಿತ್ತು, ಅದು ನನ್ನದಾಗುತ್ತಿತ್ತು. ಸುಮ್ಮನಿರಬೇಕೆಂದೇ ಇದ್ದೆ. ಆದರೆ ಬಾಗಿಲಲ್ಲಿ ಗಿರಿಜಾ ಸೆರಗು ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದಳು.

“ಅದನ್ನ ದಸ್ತಗೀರಸಾಬರು ಬರದಾರ್ರಿ” ಎಂದೆ.

ಮಾವನವರು ತಲೆಯಾಡಿಸಿದರು. “ಅದಕ್ಕ ಉಳದೈತಿ” ಎಂದರು.

ಹಲಗೆಗೆ ಪೂಜೆಯಾಯಿತು. ಕುಡುಗೋಲು, ಕೊಡಲಿಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿ, ವಿಭೂತಿ ಹಚ್ಚಿ, ಮುಂದೆ ಒಂದು ಪೂರಾ ನಿಂಬೆಹಣ್ಣು ಇಟ್ಟರು. ನಿಂಬೆಹಣ್ಣಿನ ಮರೆಗೆ ಒಂದು ಗಿಳಿ ಕಾಣಲೇ ಇಲ್ಲ. ನನ್ನ ಸಾಸಿವೆ ಕಾಳುಗಳು ಕಿಸೆಯಲ್ಲೇ ಉಳಿದವು. ಮುಂದಿನ ಸಲ ಬರುವಾಗ ದಸ್ತಗೀರಸಾಬರನ್ನೂ ಊಟಕ್ಕೆ ಕರೆದುಕೊಂಡು ಬರಬೇಕೆಂದು ಮಾವನವರು ಹೇಳಿದರು.

ಪೂಜೆ ಮುಗಿದ ಮೇಲೆ ಗಿರಿಜಾಳ ತಮ್ಮ ಟ್ರ್ಯಾಕ್ಟರ್ ಚಾಲೂ ಮಾಡಿ ಹಿಂದಕ್ಕೆ ತೆಗೆಯತೊಡಗಿದ. ಕಟ್ಟೆಯ ಮೇಲೆ ಕೂತಿದ್ದ ಮಾವನವರು ನನ್ನತ್ತ ತಿರುಗಿ, ಅಳ್ಯಾರ ಎಂದು ಕರೆದರು. ಅಂಗಿ ಸರಿಪಡಿಸಿಕೊಂಡು, ಎರಡೂ ಕೈ ಸಿದ್ಧ ಮಾಡಿಕೊಂಡು ಎದ್ದು ನಿಂತೆ.

“ಸ್ವಲ್ಪ ಬಾಜೂಕ ಸರದು ನಿಂದರ್ರಿ” ಎಂದರು.

ಸರಿದು ನಿಂತೆ, ಬೇವಿನ ಗಿಡದ ಪಕ್ಕಕ್ಕೆ. ಅಂದು ಲಾರಿಯ ಹಲಗೆ ಬಡಿದ ಗಾಯ ಅದರ ತೊಗಟೆಯ ಮೇಲೆ ಇನ್ನೂ ಹಾಗೇ ಇತ್ತು. ಸುಮ್ಮನೆ ಕೈ ಇಟ್ಟು ಅಳೆದೆ. ಒಂದು ಗೇಣು, ನಾಲ್ಕು ಬೆರಳು. ಹೆಚ್ಚೂಕಡಿಮೆ ನನ್ನ ಲಾರಿಯಷ್ಟೇ ಉದ್ದ. ನನ್ನ ಕೈಯಿಂದಾದ ಕೆಲಸಗಳಲ್ಲಿ ನೀರಿಗೆ, ಬಿಸಿಲಿಗೆ ತಡೆದು ಉಳಿದದ್ದು ಅದೊಂದೇ. ಅದೂ ಚಿಕ್ಕದು ಮಾಡದೆ, ಪೂರ್ಣ ಪ್ರಮಾಣದಲ್ಲಿ.