ಬಿಳಿ ಹೊಟ್ಟೆಯ ಇಲಿ

ಸಂಜೆಯೊಳಗೆ ಬಿಳಿ ಹೊಟ್ಟೆಯ ಒಂದೇ ಒಂದು ಇಲಿ ಕಾಣದಿದ್ದರೆ ಚೊಕ್ಕಟಣ್ಣನ ಹೊಲ ಹೋದಂತೆಯೇ. ಹೊಸ ರಸ್ತೆ ಅದರ ನಡುವೆಯೇ ಹಾಯಲಿತ್ತು. ಹೊಟ್ಟೆಪಾಡಿಗೆ ಇದ್ದದ್ದು ಅದೊಂದೇ ಹೊಲ. ಆದರೆ ಆ ಅಪರೂಪದ ಹೊಲದಿಲಿ ಬಿಲ ಮಾಡಿದ ಜಾಗವನ್ನು ಯಾರೂ ಮುಟ್ಟುವಂತಿಲ್ಲ ಎಂಬ ಕಾಯಿದೆಯಿತ್ತು. ಅದನ್ನು ಹುಡುಕಲು ಇಲಾಖೆಯಿಂದ ಒಬ್ಬ ಮೇಡಂ ಬಂದಿದ್ದರು.

ಇಪ್ಪತ್ತು ವರ್ಷ ಬದುವಿನಲ್ಲಿ ಒಂದು ಹುಲ್ಲೆಸಳೂ ಉಳಿಯಗೊಡದೆ, ಬಿಲ ಕಂಡಲ್ಲೆಲ್ಲ ಹೊಗೆ ಹಾಕಿ ಹೊಲ ಕಾಯ್ದವನು ಚೊಕ್ಕಟಣ್ಣ. ಊರು ಆ ಹೆಸರಿಟ್ಟದ್ದೇ ಅದಕ್ಕೆ.

"ಆ ಇಲಿಗೆ ಪೊದೆ ಬೇಕು, ಉದುರಿದ ಕಾಳು ಬೇಕು," ಎಂದರು ಮೇಡಂ, ಮಂಡಿಯ ಮಣ್ಣು ಕೊಡವುತ್ತ.

"ನನ್ನ ಹೊಲದಲ್ಲಿ ಒಂದು ಕಾಳೂ ಉದುರಲ್ಲ ಮೇಡಂ," ಎಂದು ಹೆಮ್ಮೆಯಿಂದ ಹೇಳಿ ಚೊಕ್ಕಟಣ್ಣ ನಾಲಿಗೆ ಕಚ್ಚಿಕೊಂಡ.

ಹೆಂಡತಿಯ ತಮ್ಮ ಅವನನ್ನು ಪಕ್ಕಕ್ಕೆ ಎಳೆದ. "ಭಾವ, ನಮ್ಮನೆ ಬೋನಲ್ಲಿ ಒಂದು ಇಲಿ ಬಿದ್ದಿದೆ. ಹೊಟ್ಟೆಗೆ ಸುಣ್ಣ ಬಳಿದು ತರ್ತೀನಿ."

"ಅವರಿಗೆ ಗೊತ್ತಾಗಲ್ವೇನೋ?"

"ಅವರ ಕನ್ನಡಕ ನೋಡಿದ್ರಾ? ಬಾಟ್ಲಿ ತಳ."

ಇಲಿ ಬಂತು. ಬದುವಿನ ಮೇಲೆ ಬಿಟ್ಟರೆ ಅದು ಓಡಲಿಲ್ಲ. ಫೋಟೋ ತೆಗೆಸಿಕೊಳ್ಳಲು ಬಂದವರಂತೆ ಕುಳಿತು ಹೊಟ್ಟೆ ನೆಕ್ಕಿಕೊಂಡಿತು; ನೆಕ್ಕಿ, ಕಾಲು ಚಾಚಿ ಸತ್ತಿತು.

ಮೇಡಂ ಅದನ್ನು ಬಾಲ ಹಿಡಿದೆತ್ತಿದರು. "ಮನೆ ಇಲಿ. ಇದು ಸುಣ್ಣ." ಕಾಗದದಲ್ಲಿ 'ಹೊಲದಲ್ಲಿ ಇಲಿ ಇಲ್ಲ' ಎಂದು ಬರೆದು ಸಹಿ ಹಾಕಿದರು. "ಕೈ ತೊಳೀಬೇಕು, ನೀರಿದೆಯಾ?"

ಚೊಕ್ಕಟಣ್ಣ ಹೊಲದಂಚಿನ ತನ್ನ ಮನೆಗೆ ಕರೆದೊಯ್ದ. ಚೊಂಬು ಹಿಡಿದ ಮೇಡಂ, ಏನೋ ಸರಿದಂತಾಗಿ ಕಾಳಿನ ಡಬ್ಬಗಳ ಹಿಂದೆ ಬಗ್ಗಿದವರು ಹಾಗೇ ನಿಂತರು. ಗೋಡೆಯ ಬಿರುಕಿನಲ್ಲಿ ಬಿಳಿ ಹೊಟ್ಟೆಯ ಇಲಿ, ಅದರ ಮಗ್ಗುಲಲ್ಲಿ ಐದು ಮರಿ.

"ಇವರು ಹೊಗೆ ಹಾಕಿದಾಗಲೆಲ್ಲ ಇಲ್ಲಿಗೇ ಓಡಿ ಬರ್ತವೆ," ಎಂದಳು ಹೆಂಡತಿ. "ಹೇಳಿದ್ರೆ ಕೊಲ್ತಾರೆ ಅಂತ ಸುಮ್ನಿದ್ದೆ."

ಚೊಕ್ಕಟಣ್ಣ ಜೀವಮಾನದಲ್ಲೇ ಮೊದಲ ಸಲ ಇಲಿಗೆ ಕೈ ಮುಗಿದ. "ಹಾಗಾದ್ರೆ ಉಳೀತಾ ಮೇಡಂ?"

"ಉಳೀತು. ಇನ್ನು ಈ ಮನೇನ ಯಾರೂ ಮುಟ್ಟೋ ಹಾಗಿಲ್ಲ."

"ಹೊಲ?"

"ಅಲ್ಲಿ ಇಲ್ಲ ಅಂತ ಬರೆದಾಯ್ತಲ್ಲ. ಅಲ್ಲಿ ರಸ್ತೆ." ಅವರು ಚೀಲದಿಂದ ಬೀಗ ತೆಗೆದರು. "ಯಾರೂ ಅಂದ್ರೆ ನೀವೂ ಸೇರಿ. ಬೇಕಾದ ಸಾಮಾನು ತಗೊಳ್ಳಿ. ಮೆಲ್ಲಗೆ, ಮರಿ ಮಲಗಿವೆ."

ಚೊಕ್ಕಟಣ್ಣ ಚಾಪೆಯನ್ನು ಕಂಕುಳಲ್ಲಿ ಅವುಚಿಕೊಂಡು, ಸದ್ದಾಗದಂತೆ ತುದಿಗಾಲಲ್ಲಿ ತನ್ನ ಮನೆಯಿಂದ ಹೊರಬಂದ.