ಸಮ ಚಿಹ್ನೆಯ ಬಾಲ

ಅವತ್ತಿನ ಪೀಕಲಾಟಕ್ಕೆಲ್ಲ ಕಾರಣ ಒಂದು ಬಾಲ. ಇಲಿಯದ್ದಲ್ಲ, ಹಲ್ಲಿಯದ್ದಲ್ಲ, ಸಮ ಚಿಹ್ನೆಯದ್ದು.

ಬೆಳಿಗ್ಗೆ ಅಚ್ಚುಕೂಟಕ್ಕೆ ಬಂದವನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕರಡು ತಿದ್ದುವ ಅಕ್ಕ ಹಸ್ತಪ್ರತಿ ಹಿಡಿದು ಎದುರಿಗೆ ನಿಂತಳು.

"ಸೊನ್ನೆ, ಇಲ್ಲಿ ನೋಡೋ. ಟೀಚರ್ ಬರೆದಿರೋ ಸಮ ಚಿಹ್ನೆ ನೋಡು, ನೀನು ಹಾಕಿರೋದು ನೋಡು."

ಸೊನ್ನೆ ಎಂದರೆ ಅಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವವನು. ಅರ್ಧ ತಲೆ ನೆರೆತಿದ್ದರೂ ಶಾಲೆಯಲ್ಲಿ ಬಿದ್ದ ಹೆಸರು ಬಿಟ್ಟುಹೋಗಿರಲಿಲ್ಲ. ಲೆಕ್ಕದ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಬಿದ್ದವನು. ಆಗ ಲೆಕ್ಕ ಹೇಳಿಕೊಟ್ಟ ಟೀಚರೇ ಈಗ ಮಕ್ಕಳಿಗೆಂದು ಬೀಜಗಣಿತದ ಪುಸ್ತಕ ಬರೆದು ಮಗಳ ಕೈಯಲ್ಲಿ ಕಳಿಸಿದ್ದರು. ಸಂಜೆ ಐದಕ್ಕೆ ಅವರು ಬಂದು ಕೊನೆಯ ಕರಡು ನೋಡುವುದು, ಆರಕ್ಕೆ ಯಂತ್ರಕ್ಕೆ ಹಾಕುವುದು ಎಂದು ನಿಕ್ಕಿಯಾಗಿತ್ತು. ಶಾಲೆಯಲ್ಲಿ ಸೊನ್ನೆಯ ಪುಸ್ತಕ ಟೀಚರ ಮೇಜಿನಿಂದ ವಾಪಸು ಬಂದರೆ ದಡಾರ ಎದ್ದ ಮೈಯ ಹಾಗೆ ಕೆಂಪಾಗಿರುತ್ತಿತ್ತು. ಒಂದೇ ಒಂದು ಹಾಳೆ ಕೆಂಪು ಗೆರೆಯಿಲ್ಲದೆ ಅವರ ಕೈಯಿಂದ ಹಿಂದಕ್ಕೆ ಬರಲಿ, ಅಷ್ಟೇ ಅವನ ಆಸೆ. ಅದಕ್ಕಾಗಿ ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ.

ಅವನು ಹಸ್ತಪ್ರತಿ ನೋಡಿದ. ಹೌದು. ಸಮ ಚಿಹ್ನೆಯ ಮೇಲಿನ ಗೆರೆ ನೆಟ್ಟಗಿದೆ. ಕೆಳಗಿನದು ಬಲಗಡೆಗೆ ಹೋಗಿ ಸಣ್ಣಗೆ ಕೆಳಕ್ಕೆ ಬಾಗಿ ಬಾಲ ಬಿಟ್ಟಿದೆ. ಎಲ್ಲ ಪುಟದಲ್ಲೂ, ಎಲ್ಲ ಲೆಕ್ಕದಲ್ಲೂ.

"ಅಯ್ಯೋ ದೇವರೇ" ಎಂದ.

"ಟೀಚರು ಸುಮ್‌ಸುಮ್ನೆ ಏನೂ ಮಾಡೋರಲ್ಲ" ಎಂದಳು ಅಕ್ಕ. "ಇದೇನೋ ಬೇರೆ ಥರದ ಸಮ ಇರಬೇಕು."

ಪಕ್ಕದ ಕೋಣೆಯಿಂದ ಬೈಂಡಿಂಗ್ ಮಾವ ಅಂಟಿನ ಕುಂಚ ಹಿಡಿದೇ ಬಂದ. "ದೊಡ್ಡ ಲೆಕ್ಕದಲ್ಲೆಲ್ಲ ಹಾಗೇ. ಬಾಲ ಇದ್ರೆ ಹೆಚ್ಚುಕಮ್ಮಿ ಸಮ ಅಂತ ಅರ್ಥ."

"ನಿಂಗ್ಯಾರು ಹೇಳಿದ್ರು ಮಾವ?" ಎಂದ ಸೊನ್ನೆ.

"ಯಾರು ಹೇಳ್ಬೇಕು? ನೋಡಿದ್ರೆ ಗೊತ್ತಾಗಲ್ವಾ?"

"ಫೋನ್ ಮಾಡಿ ಕೇಳ್ಬಿಡು" ಎಂದಳು ಅಕ್ಕ.

"ಏನಂತ ಕೇಳ್ಲಿ? ಟೀಚರ್, ಸಮ ಚಿಹ್ನೆ ಹೇಗಿರುತ್ತೆ ಅಂತಲಾ? ಅವರ ಹತ್ರ ಮೂರು ವರ್ಷ ಕೂತೋನು ನಾನು! ಆ ಮಾತು ಕೇಳೋದಕ್ಕಿಂತ ಬಾಲ ಬರೆಯೋದೇ ವಾಸಿ."

ಬರೆಯಲು ಕೂತ. ಮೊದಲ ಬಾಲ ಚೇಳಿನದರಂತೆ ಬಂತು. ಎರಡನೆಯದು ಬೆದರಿದ ಬೆಕ್ಕಿನದರಂತೆ. ಹನ್ನೊಂದು ಗಂಟೆಗೆ ಒಂದು ಒಪ್ಪವಾದ ಬಾಲ ಮೂಡಿತು. ಅದನ್ನು ಫಾಂಟಿನೊಳಗೆ ಒಂದು ಖಾಲಿ ಮನೆಯಲ್ಲಿ ಕೂರಿಸಿ, ಇದ್ದಬದ್ದ ಸಮ ಚಿಹ್ನೆಗಳನ್ನೆಲ್ಲ ಒಂದೇ ಏಟಿಗೆ ಬದಲಾಯಿಸಿದ.

ಬದಲಾಯಿಸಿದ್ದೇ ತಡ, ಬಾಲಗಳು ಕೆಳಗಿನ ಸಾಲಿನ ಮೇಲೆ ಬಿದ್ದವು. ಭಿನ್ನರಾಶಿಗಳ ತಲೆಗೆ ಚುಚ್ಚಿದವು, ವರ್ಗಮೂಲದ ಸೂರಿನಲ್ಲಿ ಸಿಕ್ಕಿಹಾಕಿಕೊಂಡವು. ಸೊನ್ನೆ ಸಾಲುಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಹೆಚ್ಚಿಸಿದ. ತೊಂಬತ್ತಾರು ಪುಟವಿದ್ದ ಪುಸ್ತಕ ನೂರಮೂರಕ್ಕೆ ಹೋಗಿ ಕೂತಿತು.

"ಒಂದು ದೊಡ್ಡ ಹಾಳೆ ಮಡಿಸಿದ್ರೆ ಹದಿನಾರು ಪುಟ, ಒಟ್ಟು ಆರೇ ಹಾಳೆ" ಮಾವ ಕೂಗಿದ. "ಮಿಕ್ಕ ಏಳು ಪುಟ ಎಲ್ಲಿಡ್ಲಿ, ಜೇಬಲ್ಲಾ?"

ಸೊನ್ನೆ ಅಕ್ಷರ ಸಣ್ಣದು ಮಾಡಿದ. ಅಷ್ಟರಲ್ಲಿ ಯಜಮಾನರು ಬಂದು ಇಣುಕಿದರು.

"ಏನಯ್ಯಾ, ಇರುವೆ ಮಕ್ಕಳಿಗೆ ಪುಸ್ತಕ ಮಾಡ್ತಿದ್ದೀಯಾ? ನನ್ನ ಹತ್ರ ಒಂದು ಫಾಂಟಿದೆ. ಸಣ್ಣಗಿದ್ರೂ ತುಂಬ್ಕೊಂಡು ಕಾಣುತ್ತೆ. ಹಾಕು."

"ಬೇಡಿ ಯಜಮಾನ್ರೇ, ಬಾಲ ಹಳೇ ಫಾಂಟಲ್ಲಿದೆ..."

"ಹಾಕಯ್ಯಾ!"

ಹಾಕಿದ. ಬಾಲದ ಚಿಹ್ನೆ ಕೂತಿದ್ದ ಮನೆಯಲ್ಲಿ, ಆ ಹೊಸ ಫಾಂಟಿನಲ್ಲಿ ಕತ್ತರಿಯ ಚಿತ್ರವಿತ್ತು. ಪುಸ್ತಕದ ತುಂಬ ಕತ್ತರಿಗಳು ಬಾಯಿ ತೆರೆದವು. "ಎಕ್ಸ್ ಕೂಡಿಸು ಮೂರು ಕತ್ತರಿ ಏಳು" ಎಂದು ಅಕ್ಕ ಜೋರಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಜಮಾನರು ಕೆಮ್ಮುತ್ತ ಹೊರಟುಹೋದರು.

ಸೊನ್ನೆ ಊಟಕ್ಕೆ ಏಳಲಿಲ್ಲ. ಹಳೆಯ ಫಾಂಟು ತಂದ. ಬಾಲವನ್ನು ಒಂದಿಷ್ಟು ಮೊಟಕು ಮಾಡಿದ. ಬಾಲ ತಾಗುವ ಕಡೆ ಮಾತ್ರ ಸಾಲು ಸಡಿಲಿಸಿ, ತಾಗದ ಕಡೆ ಬಿಗಿ ಮಾಡುತ್ತ ಹೋದ. ಅಳುವ ಮಗುವಿನ ಅಂಗಿಗೆ ಗುಂಡಿ ಹಾಕುವಷ್ಟು ತಾಳ್ಮೆಯ ಕೆಲಸ. ನಾಲ್ಕೂಮುಕ್ಕಾಲಿಗೆ ಪುಸ್ತಕ ತೊಂಬತ್ತಾರಕ್ಕೆ ಬಂದು ನಿಂತಿತು. ಮಾವ ಕುಂಚ ಕೆಳಗಿಟ್ಟು ಅವನ ಬೆನ್ನು ತಟ್ಟಿದ. ಅಂಗಿಗೆ ಅಂಟಾಯಿತು.

ಐದಕ್ಕೆ ಟೀಚರ್ ಬಂದರು. ಮೊದಲಿಗಿಂತ ಕುಗ್ಗಿದ್ದರು, ನೋಟ ಮಾತ್ರ ಅದೇ. ಕುರ್ಚಿಯಲ್ಲಿ ಕೂತು ಚೀಲದಿಂದ ಕೆಂಪು ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಸೊನ್ನೆ ಕರಡಿನ ಕಟ್ಟು ಮುಂದಿಟ್ಟ. ಮೊದಲ ಹಾಳೆ ಅವರ ಕೈಗೆ ಹೋಯಿತು. ಅವರು ಬಹಳ ಹೊತ್ತು ನೋಡಿದರು.

"ಇದೇನೋ ಇದು, ಸಮ ಚಿಹ್ನೆಗೆ ಬಾಲ?"

"ನೀವು ಬರೆದ ಹಾಗೇ ಟೀಚರ್. ಒಂದನ್ನೂ ಬಿಟ್ಟಿಲ್ಲ."

ಟೀಚರ್ ಹಸ್ತಪ್ರತಿ ತೆರೆದರು. ಅವರ ಬೆರಳುಗಳ ನಡುವೆ ಹಾಳೆ ಪಟಪಟ ಎಂದಿತು, ಕಿಟಕಿ ಮುಚ್ಚಿತ್ತು.

"ಇದು ಚಿಹ್ನೆ ಅಲ್ಲ ಕಣೋ" ಎಂದರು ಮೆಲ್ಲಗೆ. "ನನ್ನ ಕೈ. ಎರಡು ವರ್ಷದಿಂದ ನಡುಗುತ್ತೆ. ಮೇಲಿನ ಗೆರೆನ ಉಸಿರು ಬಿಗಿಹಿಡಿದು ಎಳೀತೀನಿ. ಕೆಳಗಿಂದು ಮುಗಿಯೋ ಹೊತ್ತಿಗೆ ಉಸಿರು ಸಾಲಲ್ಲ. ಯಾರಿಗೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ."

ಅಕ್ಕ ಸೆರಗಿನಿಂದ ಕನ್ನಡಕ ಒರೆಸತೊಡಗಿದಳು. ಮಾವ ಸೂರು ನೋಡಿದ. ಸೊನ್ನೆಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ತೆಗೆದ್ಬಿಡ್ತೀನಿ ಟೀಚರ್. ಐದೇ ನಿಮಿಷ" ಎನ್ನುತ್ತ ಹಾಳೆಗೆ ಕೈ ಹಾಕಿದ.

"ಕೈ ತೆಗಿ." ಅವರು ಹಾಳೆಯನ್ನು ಎದೆಗೆ ಒತ್ತಿಕೊಂಡಂತೆ ಹಿಡಿದರು. "ನನ್ನ ಕ್ಲಾಸಲ್ಲಿ ಎಷ್ಟು ಸಲ ಬಡ್ಕೊಂಡೆ, ಎದುರಿಗಿರೋದನ್ನ ಸರಿಯಾಗಿ ನೋಡ್ರೋ ಅಂತ. ಇವತ್ತು ನೋಡಿದ್ದೀಯ. ಇರ್ಲಿ ಬಾಲ. ನಡುಗೋ ಕೈಯಿಂದಲೂ ಲೆಕ್ಕ ಸರಿ ಬರುತ್ತೆ ಅಂತ ಮಕ್ಕಳಿಗೆ ಗೊತ್ತಾಗ್ಲಿ."

ಸೊನ್ನೆಯ ಕಣ್ಣು ತುಂಬಿತು. ಹಾಳೆ ಈಚೆ ಬರಲಿ ಎಂದು ಕೈ ಚಾಚಿದ.

ಟೀಚರ್ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಆದ್ರೆ ಈ ಕೂಡಿಸೋ ಚಿಹ್ನೆ ಯಾಕೋ ಗೇಟಿನ ಕಂಬದ ಹಾಗೆ ನಿಂತಿದೆ? ನಾನು ಬರೆದಿರೋದು ಸೊಟ್ಟ ಅಲ್ವಾ?"

"ಅದು... ಸುಮ್ನೆ ಸೊಟ್ಟ ಅಂದ್ಕೊಂಡ್ವಿ" ಎಂದಳು ಅಕ್ಕ.

"ಸಮ ಚಿಹ್ನೆ ಒಂದೇ ನಡುಗಿ ಮಿಕ್ಕಿದ್ದೆಲ್ಲ ನೆಟ್ಟಗಿದ್ರೆ ಸುಳ್ಳು ಬರೆದ ಹಾಗಾಗುತ್ತೆ." ಟೀಚರ್ ಒಂದೊಂದಕ್ಕೂ ಸುತ್ತು ಹಾಕುತ್ತ ಹೋದರು, ಕೂಡಿಸುವುದಕ್ಕೆ, ಕಳೆಯುವುದಕ್ಕೆ, ಗುಣಿಸುವುದಕ್ಕೆ, ವರ್ಗಮೂಲಕ್ಕೆ. ಸುತ್ತುಗಳೂ ನಡುಗಿ ಒಂದರೊಳಗೊಂದು ಹೆಣೆದುಕೊಂಡು, ಬಿಳಿ ಎಲ್ಲಿದೆ ಎಂದು ಹುಡುಕುವ ಹಾಗಾಯಿತು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಯಂತ್ರದವನಿಗೆ ಇವತ್ತು ಬೇಡ ಎಂದು ಕೈಯಾಡಿಸಿದರು.

ಸೊನ್ನೆ ಆ ಹಾಳೆ ಇಸಿದುಕೊಂಡ. ಇನ್ನೂ ತೊಂಬತ್ತೈದು ಪುಟ ಬಾಕಿ ಇತ್ತು. ಟೀಚರ್ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಮೊದಲು ಕೂಡಿಸೋದು ಮಾಡು" ಎಂದರು. "ಅದರಲ್ಲೇ ತಾನೇ ನೀನು ಯಾವಾಗ್ಲೂ ತಪ್ಪುತ್ತಿದ್ದದ್ದು."