ಹೆಣ್ಣು ನೋಡಲು ಹೋಗಿ 6174 ಹುಡುಕಿದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ, ಕೂಡ್ಲಿಗಿಯ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಸೇರಿದ ಹೊಸತರಲ್ಲಿ, ನಾನು ಹೆಣ್ಣು ನೋಡಲು ಕೊಟ್ಟೂರಿಗೆ ಹೋದೆ. ಜೊತೆಗೆ ಸೋದರಮಾವ ಬಸಪ್ಪ. ಜೇಬಿನಲ್ಲಿ ಒಂದು ಸೀಮೆಸುಣ್ಣ. ಹುಡುಗಿಯ ಮನೆಯವರನ್ನು ಬೆರಗುಗೊಳಿಸಲು ಅಷ್ಟೇ ಸಾಕೆಂದು ನನಗೆ ಅಚಲ ನಂಬಿಕೆಯಿತ್ತು.

ಹುಡುಗಿಯ ತಂದೆ ಹಾಲಪ್ಪನವರು ಹೊಲ, ಕುರಿ ಎರಡೂ ಇದ್ದವರು. ಅವಲಕ್ಕಿ ತಟ್ಟೆ ಮುಂದಿಟ್ಟು, "ಹುಡುಗ್ರಿಗೆ ಏನ್ ಕಲಿಸ್ತೀರಿ?" ಎಂದರು. ನಾನು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ.

"6174 ಅಂತ ಒಂದು ಸಂಖ್ಯಾ ಐತ್ರಿ. ನೀವು ಯಾವುದಾರ ನಾಕು ಅಂಕಿ ಹೇಳ್ರಿ, ನಾಕೂ ಒಂದೇ ಇರಬಾರ್ದು ಅಷ್ಟ. ಅವನ್ನ ದೊಡ್ಡದರಿಂದ ಸಣ್ಣದಕ್ಕ ಜೋಡಿಸಿ ಬರಿಯೋದು. ಅದರಾಗ, ಸಣ್ಣದರಿಂದ ದೊಡ್ಡದಕ್ಕ ಜೋಡಿಸಿದ್ದನ್ನ ಕಳಿಯೋದು. ಬಂದಿದ್ದಕ್ಕೂ ಹಂಗ ಮಾಡೋದು. ಕೊನೀಗೆ 6174 ಬಂದೇ ಬರ್ತೈತಿ."

"ಸುಮ್ನ ಅವಲಕ್ಕಿ ತಿನ್ನಲೇ," ಎಂದು ಮಾವ ಪಿಸುಗುಟ್ಟಿದ. ನಾನು ಆಗಲೇ ನೆಲಕ್ಕಿಳಿದಿದ್ದೆ.

ಹಾಲಪ್ಪನವರು 7053 ಎಂದರು. 7530ರಲ್ಲಿ 0357 ಕಳೆದೆ, 7173 ಬಂತು. 7731ರಲ್ಲಿ 1377 ಕಳೆದೆ, 6364. 6643ರಲ್ಲಿ 3466 ಕಳೆದೆ, 3177. ಮತ್ತೆ 7731ರಲ್ಲಿ 1377. ಮತ್ತೆ 6364. ಮತ್ತೆ 3177. ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಅವೆರಡೇ ಲೆಕ್ಕ ಮಾಡುತ್ತ ಪಡಸಾಲೆಯ ನೆಲ ತುಂಬಿಸಿದೆ. ಹುಡುಗಿಯ ಅಜ್ಜಿ ಕಾಲು ಎತ್ತಿಕೊಂಡರು. ಹಾಲಪ್ಪನವರು ಚಾಪೆ ಸುತ್ತಿಟ್ಟರು. ನಾನು ತೆವಳುತ್ತ ಹೊಸ್ತಿಲು ಮುಟ್ಟಿದೆ. 6174ರ ಸುಳಿವಿಲ್ಲ!

"ಬಸ್ಸು ತಪ್ಪಿರಬೇಕು ಅದಕ್ಕ," ಎಂದರು ಅಜ್ಜಿ, ನಿಜವಾದ ಕನಿಕರದಿಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಗಿರಿಜಾ ಆಗ ಮೊದಲ ಸಲ ಬಾಯಿಬಿಟ್ಟಳು. "7731ರಾಗ 1377 ಹೋದ್ರ 6354 ಅಲ್ರಿ? ಪಕ್ಕದ ಅಂಕಿ ಕಡಿಂದ ಒಂದು ಇಸ್ಕೊಂಡು, ಅಲ್ಲಿ ಕಡಿಮಿ ಮಾಡೋದು ಮರ್ತೀರಿ. ಪ್ರತಿ ಸಲಾನೂ."

ಮಾವ ಅವಲಕ್ಕಿಯಲ್ಲಿ ಮುಖ ಹುದುಗಿಸಿದ.

ಆಕೆ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ತಪ್ಪಿದ ಕಡೆಯಿಂದ ಶುರು ಮಾಡಿದಳು. 6354, 3087, 8352. ಆಮೇಲೆ 8532ರಲ್ಲಿ 2358 ಕಳೆದಳು. 6174! ಅದರ ಅಂಕಿಗಳನ್ನೇ ಜೋಡಿಸಿ 7641ರಲ್ಲಿ 1467 ಕಳೆದಳು. ಮತ್ತೆ 6174. ಅದು ಅಲ್ಲಿಂದ ಕದಲಲಿಲ್ಲ. ಅಜ್ಜಿ ಹೇಳಿದ ಇನ್ನೊಂದು ಸಂಖ್ಯೆಯೂ ಅಲ್ಲಿಗೇ ಬಂದು ನಿಂತಿತು. ಪುಸ್ತಕದಲ್ಲಿ ಓದಿದ್ದೆನಷ್ಟೆ, ಕಣ್ಣೆದುರು ನೆಲದ ಮೇಲೆ ಕಂಡಾಗ ನನಗೂ ಮೈ ಜುಮ್ಮೆಂದಿತು.

ಹಾಲಪ್ಪನವರು ಬಗ್ಗಿ ಬಹಳ ಹೊತ್ತು ನೋಡಿದರು. "ಕುರಿ ಎಲ್ಲಿ ಮೇಯಾಕ ಬಿಟ್ರೂ ಸಂಜೀಗೆ ಹಟ್ಟಿಗೇ ಬರ್ತಾವ್ರಿ. ಅವಕ್ಕ ದಾರಿ ಗೊತ್ತೈತಿ. ಈ ಅಂಕಿಗಳಿಗೆ ಯಾರು ತೋರಿಸಿದ್ರು?"

ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದ ನಾನು ಯೋಚಿಸಿದೆ. "ಗೊತ್ತಿಲ್ರಿ," ಎಂದೆ. ಅವತ್ತು ನಾನು ಹೇಳಿದ್ದರಲ್ಲಿ ತಪ್ಪಿಲ್ಲದ ಉತ್ತರ ಅದೊಂದೇ.

ಕೆಲವು ದಿನ ಬಿಟ್ಟು ಮಾವ ಸುದ್ದಿ ತಂದ. "ಹುಡುಗಿ ಒಪ್ಪ್ಯಾಳ. 'ಕಳಿಯಾಕ ಬರದ ಲೆಕ್ಕದ ಮೇಷ್ಟ್ರು ಹೆಂಗವ್ವಾ' ಅಂತ ಅವರಪ್ಪ ಹಿಂದ ಮುಂದ ನೋಡಿದ್ನಂತ. 'ಬಾಕಿ ಎಲ್ಲಾ ಬರ್ತೈತಿ ಬಿಡಪಾ, ಕಳಿಯೋದು ನಾ ಕಲಿಸ್ತೀನಿ' ಅಂದಳಂತ."

ಕಲಿಸುತ್ತಲೇ ಇದ್ದಾಳೆ. ನಾನಿನ್ನೂ ಪಾಸಾಗಿಲ್ಲ.